ಸಹಾಯ ಬೇಕು: ಭಾರತದಲ್ಲಿ ಇನ್ನೂ ಅನುಮತಿ ಸಿಗದ ಕ್ಯಾನ್ಸರ್ ಗುಳಿಗೆ ತರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಜಮಖಂಡಿಯವರು. ನಮ್ಮ ಅಕ್ಕನಿಗೆ ಶ್ವಾಸಕೋಶದ ಕ್ಯಾನ್ಸರ್ ಇದ್ದು, ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಎರಡು ವರ್ಷಗಳಿಂದ ಚಿಕಿತ್ಸೆ ನಡೆದಿದೆ. ಇದುವರೆಗೆ ರೋಗವನ್ನು ತಡೆದಿದ್ದ ಗುಳಿಗೆ ಈಗ ನಾಟುತ್ತಿಲ್ಲ. ವಿದೇಶದಲ್ಲಿ ಅನುಮತಿ ಪಡೆದಿರುವ, ಆದರೆ ನಮ್ಮ ದೇಶದಲ್ಲಿ ಇನ್ನೂ ಮಾರಾಟಕ್ಕೆ ಬಾರದ ಹೊಸ ಗುಳಿಗೆಯೊಂದನ್ನು ಕೊಟ್ಟು ನೋಡಬಹುದೆಂದು ವೈದ್ಯರು ಹೇಳಿದ್ದಾರೆ.

ಮೊದಲು ಕ್ಲಿನಿಕಲ್ ಟ್ರಯಲ್‌ಗಳು (ಹೊಸ ಔಷಧವನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಅಧ್ಯಯನಗಳು) ನೋಂದಣಿಯಾಗುವ ಸಿಟಿಆರ್‌ಐ ತಾಣದಲ್ಲಿ ಹುಡುಕಿದೆವು. ಹೊಂದುವಂಥದ್ದು ಒಂದೇ ಇತ್ತು. ಕಾಯಿಲೆ ಮಿದುಳಿಗೆ ಹರಡಿರುವ ಕಾರಣ ಅಕ್ಕನನ್ನು ಸೇರಿಸಿಕೊಳ್ಳಲಿಲ್ಲ. ಔಷಧ ಕಂಪನಿಗೆ ಬರೆದಾಗ, ಟ್ರಯಲ್‌ಗೆ ಸೇರದೆಯೇ ಅನುಕಂಪದ ಆಧಾರದ ಮೇಲೆ ಔಷಧ ಪಡೆಯಲು ಮನೆಯವರಲ್ಲ, ಚಿಕಿತ್ಸೆ ನೀಡುತ್ತಿರುವ ವೈದ್ಯರೇ ಕೋರಿಕೆ ಸಲ್ಲಿಸಬೇಕೆಂಬ ಉತ್ತರ ಬಂತು. ವೈದ್ಯರು ಮನಃಪೂರ್ವಕವಾಗಿ ಒಪ್ಪಿದ್ದಾರೆ, ಆದರೆ ಈ ಕಾಗದಪತ್ರ ಅವರಿಗೂ ಹೊಸದು.

ಸ್ವಂತ ಬಳಕೆಗೆ ಔಷಧ ತರಿಸಲು ಫಾರ್ಮ್ 12ಎ ಸಲ್ಲಿಸಿ 12ಬಿ ಪರವಾನಗಿ ಪಡೆಯಬಹುದು ಎಂಬುದು ತಿಳಿದಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿರುವ, ಅನುಮತಿ ಸಿಗದ ಔಷಧವನ್ನು ಆಸ್ಪತ್ರೆಯೇ ತರಿಸಿಕೊಳ್ಳುವ ಸಿಟಿ-24 ಅರ್ಜಿಯಾದರೋ ಸರ್ಕಾರಿ ಆಸ್ಪತ್ರೆ, ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿಗೆ ಮೀಸಲು. ನಾವು ಸಿಕ್ಕಿಕೊಂಡಿರುವುದು ಇಲ್ಲಿಯೇ. ಅಕ್ಕನಿಗೆ ಈಗ ಬೆಂಗಳೂರಿನವರೆಗಿನ ರಾತ್ರಿ ಪ್ರಯಾಣ ತಡೆಯದು. ಖಚಿತವಾಗದೆ ಕರೆದೊಯ್ಯಲು ನಮಗೆ ಧೈರ್ಯ ಸಾಲುತ್ತಿಲ್ಲ.

ಖಾಸಗಿ ಆಸ್ಪತ್ರೆಯ ರೋಗಿಗೆ 12ಬಿ ಒಂದೇ ಸಾಕೇ, ಅಥವಾ ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಂಥ ಸಂಸ್ಥೆಗೆ ಸೇರಿಸಿ ಅಲ್ಲಿಂದಲೇ ಸಿಟಿ-24 ಅರ್ಜಿ ಹಾಕಿಸಬೇಕೇ? ಈ ದಾರಿಯಲ್ಲಿ ಔಷಧ ತರಿಸಿದವರಿದ್ದರೆ, ವೈದ್ಯರಿಂದ ಯಾವ ಯಾವ ಪತ್ರ ಬೇಕಾಯಿತು, ಪರವಾನಗಿ ಕೈಸೇರಲು ಎಷ್ಟು ದಿನ ಹಿಡಿಯಿತು ಎಂಬುದನ್ನು ದಯವಿಟ್ಟು ತಿಳಿಸುವಿರಾ?