ಬಂಡೂರು ಕುರಿ: ತಳಿ ಸುಧಾರಿಸೋಕೆ ಮೊಬೈಲ್‌ನಲ್ಲಿ ಏನೇನು ಬರೆದಿಡಬೇಕು?

ಮಳವಳ್ಳಿ ಹುಡುಗ
ನಲವತ್ತು ಬಂಡೂರು ಹೆಣ್ಣು ಕುರಿ, ಎರಡು ಟಗರು ಇವೆ. ಯಾವುದು ಯಾವಾಗ ಈಯಿತು ಅನ್ನೋದೆಲ್ಲ ಅಪ್ಪನ ತಲೆಯಲ್ಲೇ ಇದೆ. ಈಗ ಕುರಿಗಳ ಕಿವಿಗೆ ನಂಬರ್ ಓಲೆ ಹಾಕಿಸಿ ಎಕ್ಸೆಲ್ ಶುರು ಮಾಡಿದ್ದೇನೆ. ಮೇವು, ಔಷಧಿ, ಕೂಲಿ ಅಂತ ಕಾಲಂ ಜಾಸ್ತಿಯಾಗುತ್ತಲೇ ಇವೆ. ಒಳ್ಳೆ ಮರಿ ಬೇಕು ಅಂದ್ರೆ ಯಾವುದು ಮುಖ್ಯ? ದುಡ್ಡು ಕೊಟ್ಟು ಆ್ಯಪ್ ತಗೋಬೇಕಾ?

ಶಿರಾ ಕುರಿಮನೆ
ಆ್ಯಪ್ ಬೇಡ ಬ್ರದರ್, ಗೂಗಲ್ ಶೀಟ್ ಸಾಕು. ಖರ್ಚಿನ ಲೆಕ್ಕ ಬೇರೆ ಇಡಿ. ಇಲ್ಲಿ ಮರಿಯ ನಂಬರ್, ತಾಯಿ, ತಂದೆ, ಹುಟ್ಟಿದ ದಿನ, ಒಂಟಿಯೋ ಅವಳಿಯೋ, ಹುಟ್ಟಿದಾಗಿನ ತೂಕ, ಹಾಲು ಬಿಡಿಸಿದ ದಿನ, ಆಗಿನ ತೂಕ, ಇಷ್ಟೇ.

ತೂಕವನ್ನು ಹಾಗೇ ನೋಡಬೇಡಿ, ದಿನದ ಲೆಕ್ಕಕ್ಕೆ ತನ್ನಿ. 2.5 ಕೆಜಿ ಹುಟ್ಟಿದ ಎರಡು ಮರಿ ಇವೆ ಅಂತಿಟ್ಟುಕೊಳ್ಳಿ. ಒಂದು 105 ದಿನಕ್ಕೆ 12 ಕೆಜಿ, ಇನ್ನೊಂದು 80 ದಿನಕ್ಕೆ 10.5 ಕೆಜಿ. ಕಣ್ಣಿಗೆ ಮೊದಲನೆಯದೇ ದಪ್ಪ, ಆದರೆ ಅದು ದಿನಕ್ಕೆ 90 ಗ್ರಾಂ ಬೆಳೆದಿದೆ, ಎರಡನೆಯದು 100 ಗ್ರಾಂ. ಅವಳಿ ಮರಿಯನ್ನು ಒಂಟಿ ಮರಿ ಜೊತೆ ಹೋಲಿಸಲೇಬೇಡಿ, ಹಾಲು ಹಂಚಿಕೊಂಡು ಬೆಳೆದಿರುತ್ತೆ ಅಲ್ವಾ. ಎರಡು ಮರಿಯನ್ನೂ ಉಳಿಸಿ ಒಂಬತ್ತೊಂಬತ್ತು ಕೆಜಿ ಮಾಡಿದ ತಾಯಿ ಹನ್ನೆರಡು ಕೆಜಿ ಒಂಟಿ ಮರಿ ಕೊಟ್ಟ ತಾಯಿಗಿಂತ ಮೇಲು.

ದೊಡ್ಡಿ ಮೇಷ್ಟ್ರು
ಟಗರು ಬಿಟ್ಟ ದಿನವನ್ನೂ ಬರೆಯಿರಿ. ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಟಗರಿನ ಎದೆಗೆ ಬಳಿದರೆ, ಹತ್ತಿದ ಕುರಿಯ ಬೆನ್ನ ಮೇಲೆ ಗುರುತು ಬೀಳುತ್ತೆ. ಬೆಳಿಗ್ಗೆ ದೊಡ್ಡಿ ಬಿಡುವಾಗ ನಂಬರ್ ನೋಡಿ ಬರೆದುಕೊಂಡರಾಯ್ತು. ಬೆದೆ ಹೆಚ್ಚುಕಮ್ಮಿ 17 ದಿನಕ್ಕೊಮ್ಮೆ, ಹಾಗಾಗಿ ಆಮೇಲೆ ಬಣ್ಣ ಬದಲಿಸಿ. ಹೊಸ ಬಣ್ಣವೂ ಬಿದ್ದರೆ ಮೊದಲ ಸಲ ಗಬ್ಬ ನಿಂತಿಲ್ಲ ಅಂತ. ಸುಮಾರು ಎಲ್ಲಕ್ಕೂ ಎರಡನೇ ಬಣ್ಣ ಬಿದ್ದಿದ್ದರೆ ಟಗರನ್ನೇ ಡಾಕ್ಟರಿಗೆ ತೋರಿಸಿ. ಶೀಟ್‌ನಲ್ಲಿ ಕೊನೆಯ ಗುರುತು ಬಿದ್ದ ದಿನಕ್ಕೆ 150 ಕೂಡಿಸಿದರೆ ಈಯುವ ದಿನ ಸಿಗುತ್ತೆ, ಎರಡು ಮೂರು ದಿನ ಆಚೀಚೆ.

ಮಳವಳ್ಳಿ ಹುಡುಗ
ಥ್ಯಾಂಕ್ಸ್ ಮೇಷ್ಟ್ರೇ. ಎರಡೂ ಟಗರು ಒಟ್ಟಿಗೇ ಓಡಾಡುತ್ತವೆ, ತಂದೆ ಯಾವುದು ಅಂತ ಹೇಗೆ ಬರೆಯೋದು?

ಶಿರಾ ಕುರಿಮನೆ
ಬೇರೆ ಮಾಡಿ. ಇಪ್ಪತ್ತು ಇಪ್ಪತ್ತು ಕುರಿಗೆ ಒಂದೊಂದು ಟಗರು ಸರಿಯಾಗುತ್ತೆ. ತಂದೆ ಗೊತ್ತಿಲ್ಲದಿದ್ದರೆ ಮಗಳಿಗೇ ಟಗರು ಹತ್ತುತ್ತೆ, ಆಮೇಲೆ ಮರಿ ಸಣ್ಣದಾಯ್ತು ಅಂತ ಮೇವಿಗೆ ಬೈತೀವಿ.

ಇನ್ನೊಂದು ಮಾತು. ಬಕ್ರೀದ್‌ಗೆ ಒಳ್ಳೆ ರೇಟು ಬಂತು ಅಂತ ಚೆನ್ನಾಗಿ ಬೆಳೆದ ಟಗರು ಮರಿಯನ್ನೆಲ್ಲ ಕೊಟ್ಟು, ಉಳಿದಿದ್ದನ್ನು ಹಿಂಡಿಗೆ ಬಿಡ್ತೀವಲ್ಲ, ಅಲ್ಲೇ ತಳಿ ಹಾಳಾಗೋದು. ವ್ಯಾಪಾರಿ ಬರುವ ಮೊದಲೇ ಶೀಟ್ ನೋಡಿ ಎರಡು ಮೂರು ಮರಿಗೆ ಗುರುತು ಹಾಕಿಡಿ. ಅಪ್ಪನಿಗೂ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಮಾರಿಬಿಟ್ಟಿರುತ್ತಾರೆ 😄