ಅಪ್‌ಡೇಟ್: ಕೆಸರು ತಡೆದುಕೊಳ್ಳುವ ಸೈಕಲ್ ಕ್ರ್ಯಾಂಕ್ ಬೇರಿಂಗ್ ಸಿಕ್ಕಿತು

ಸೈಕಲ್ ಕೆಸರಲ್ಲಿ ಓಡಿಸಿ ಕ್ರ್ಯಾಂಕ್ ಬೇರಿಂಗ್ (ಪೆಡಲ್ ತೋಳುಗಳ ಅಚ್ಚು ತಿರುಗುವ ಬೇರಿಂಗ್) ಪದೇ ಪದೇ ಹಾಳಾಗುತ್ತಿದೆ, ಯಾವುದು ಹಾಕಲಿ ಅಂತ ಕೇಳಿದ್ದೆ. ಬಲಗಡೆಯ ಕಪ್‌ಗೆ (ಬೇರಿಂಗ್ ಹಿಡಿದು ಫ್ರೇಮ್‌ಗೆ ತಿರುಗಿಸಿ ಕೂರಿಸುವ ಬಟ್ಟಲು) ಉಲ್ಟಾ ಥ್ರೆಡ್, ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು ಅಂತ ಎಚ್ಚರಿಸಿದವರಿಗೆ ತುಂಬಾ ಥ್ಯಾಂಕ್ಸ್, ಇಲ್ಲದಿದ್ದರೆ ಫ್ರೇಮೇ ಹಾಳಾಗುತ್ತಿತ್ತು.

ಬಿಚ್ಚಿದಾಗ ತುಕ್ಕು ಬಣ್ಣದ ನೀರು ಸುರಿಯಿತು. ಗ್ರೀಸ್ ಹೆಸರಿಗೂ ಇರಲಿಲ್ಲ. ನೀರು ಇಳಿದದ್ದು ಸೀಟ್ ಪೋಸ್ಟ್ ಕಡೆಯಿಂದ! ನಾನು ಸುಮ್ನೆ ಹೊರಗಿನ ಸೀಲನ್ನೇ ಬೈಯುತ್ತಿದ್ದೆ. ಫ್ರೇಮ್ ತಳದಲ್ಲಿ ನೀರು ಹೊರಹೋಗುವ ಸಣ್ಣ ತೂತು ಮಣ್ಣು ಕಟ್ಟಿ ಮುಚ್ಚಿಹೋಗಿತ್ತು. ಕಡ್ಡಿ ಹಾಕಿ ಬಿಡಿಸಿದೆ.

ಕೊನೆಗೆ ಬೇರಿಂಗ್ ಫ್ರೇಮ್ ಹೊರಗಿರುವ ಕಪ್ ಬಿಟ್ಟು, ಕ್ರ್ಯಾಂಕ್ ಸಮೇತ ಸ್ಕ್ವೇರ್ ಟೇಪರ್ ಸೀಲ್ಡ್ ಕಾರ್ಟ್ರಿಡ್ಜ್‌ಗೆ (ಚೌಕ ತುದಿಯ ಅಚ್ಚು, ಬೇರಿಂಗ್ ಎರಡೂ ಒಂದೇ ಮುಚ್ಚಿದ ಕೊಳವೆಯಲ್ಲಿರುವ ಬಗೆ) ಬದಲಾಯಿಸಿದೆ. ತೂಕ ಸ್ವಲ್ಪ ಜಾಸ್ತಿ. ಆದರೆ ಬೇರಿಂಗ್ ಫ್ರೇಮ್ ಒಳಗೇ ಇರುತ್ತದೆ, ಕೆಸರು ನೇರವಾಗಿ ಬಡಿಯುವುದಿಲ್ಲ ಅಲ್ವಾ. ಥ್ರೆಡ್‌ಗೆ ಧಾರಾಳವಾಗಿ ಗ್ರೀಸ್ ಹಚ್ಚಿದೆ. ತೊಳೆಯಲು ಈಗ ಬಕೆಟ್, ಬ್ರಷ್ ಅಷ್ಟೇ.

ಒಂದು ಮಳೆಗಾಲ ಪೂರ್ತಿ ಕಳೆಯಿತು. ಚೈನ್ ತೆಗೆದು ಕ್ರ್ಯಾಂಕ್ ತಿರುಗಿಸಿ ನೋಡಿದೆ. ಒಂಚೂರೂ ಕರಕರ ಇಲ್ಲ.