30 ಜನರಲ್ಲಿ 18 ಜನರನ್ನ ಹೇಗೆ ಆರಿಸೋದು? ಫುಟ್‌ಬಾಲ್ ಆಡಿದವರು, ನೋಡಿದವರು ಅನುಭವ ಹೇಳಿ

ಕೇಳಿದವರು, ಕಲಬುರಗಿ:
ಅಣ್ಣಂದಿರೇ, ನಮಸ್ಕಾರ. ನಮ್ಮ ಬಡಾವಣೆ ಫುಟ್‌ಬಾಲ್ ಟೀಮಿನ ಆಯ್ಕೆ ಈ ಸಲ ನನ್ನ ತಲೆಮೇಲೆ ಬಂದಿದೆ. ಬೇಸಿಗೆ ರಜೆಯಲ್ಲಿ ಟೂರ್ನಮೆಂಟ್. ಹೆಸರು ಕೊಟ್ಟವರು 30 ಮಂದಿ, ಪಟ್ಟಿಯಲ್ಲಿ ಜಾಗ ಇರೋದು 18. ಅರ್ಧಕ್ಕರ್ಧ ಹುಡುಗರು ಸ್ಟ್ರೈಕರ್ ಜಾಗವೇ (ಮುಂದೆ ನಿಂತು ಗೋಲು ಹೊಡೆಯುವ ಜಾಗ) ಬೇಕು ಅಂತಾರೆ. ಇನ್ನೊಂದು ದೊಡ್ಡ ಚಿಂತೆ ಅಂದ್ರೆ, ಬಹಳ ವರ್ಷದಿಂದ ನಮಗೆ ಗೋಲು ಹೊಡೆದುಕೊಟ್ಟ ಒಬ್ಬ ಹಿರಿಯ ಅಣ್ಣ ಇದ್ದಾರೆ. ಈಗ ಅವರ ಓಟ ಕಡಿಮೆಯಾಗಿದೆ. ಇಟ್ಟುಕೊಳ್ಳಬೇಕಾ, ಬಿಡಬೇಕಾ? ಆಟಗಾರನನ್ನ ಹೇಗೆ ಅಳೆಯಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಲಬುರಗಿ, ಜೇವರ್ಗಿ ರಸ್ತೆ ಕಡೆಯಿಂದ:
ತಮ್ಮಾ, ಮೊದಲು ಆ 30 ಹೆಸರುಗಳನ್ನ ಪಕ್ಕಕ್ಕಿಡು. ಖಾಲಿ ಹಾಳೆ ತಗೊಂಡು ಟೀಮಿಗೆ ಏನು ಬೇಕು ಅಂತ ಬರೆ. ಇಬ್ಬರು ಕೀಪರ್, ಬ್ಯಾಕ್ ಆಡೋಕೆ (ಹಿಂದೆ ನಿಂತು ಎದುರಾಳಿಯನ್ನ ತಡೆಯೋಕೆ) ಆರು, ನಡುವೆ ಆರು, ಮುಂದೆ ನಾಲ್ಕು. ನಮ್ಮ ಲೆಕ್ಕ ಇದು, ನಿಮ್ಮದು ಒಂದೆರಡು ಆಚೀಚೆ ಆಗಬಹುದು. ಆಮೇಲೆ ಒಂದೊಂದು ಜಾಗಕ್ಕೂ ಯಾರು ಅಂತ ನೋಡು. ಹೆಸರಿನಿಂದ ಶುರು ಮಾಡಿದರೆ ಚೆನ್ನಾಗಿ ಆಡುವ 18 ಜನ ಸಿಗುತ್ತಾರೆ, ಟೀಮ್ ಮಾತ್ರ ಸಿಗುವುದಿಲ್ಲ.

ಇನ್ನು ಟ್ರಯಲ್ಸ್. ನಮ್ಮ ಕಡೆ ಏನು ಮಾಡುತ್ತಾರೆ ಅಂದ್ರೆ, ಎಲ್ಲರನ್ನೂ ಎರಡು ಗುಂಪು ಮಾಡಿ ಒಂದು ಮ್ಯಾಚ್ ಆಡಿಸುತ್ತಾರೆ, ಗೋಲು ಹೊಡೆದವರ ಹೆಸರು ಬರೆದುಕೊಳ್ಳುತ್ತಾರೆ, ಮುಗೀತು. ನನಗೆ ಇದು ಒಂದು ಚೂರೂ ಸರಿ ಅನ್ನಿಸುವುದಿಲ್ಲ. ಗೋಲು ಹೊಡೆದವನ ಎದುರಿಗೆ ಇದ್ದ ಬ್ಯಾಕ್ ತೀರಾ ಹೊಸಬ ಇರಬಹುದು. ಒಳ್ಳೆ ಆಟಗಾರನಿಗೆ ಅವತ್ತು ಯಾರೂ ಪಾಸೇ ಕೊಡದೆ ಇರಬಹುದು, ಯಾಕಂದ್ರೆ ಟ್ರಯಲ್ಸ್‌ನಲ್ಲಿ ಎಲ್ಲರೂ ತಮ್ಮನ್ನ ತೋರಿಸಿಕೊಳ್ಳಲಿಕ್ಕೇ ಆಡುತ್ತಾರೆ. ಅದಕ್ಕೆ ಬೇರೆ ಬೇರೆ ದಿನ, ಗುಂಪು ಬದಲಿಸಿ ಆಡಿಸು. ಜೊತೆಗೆ ಟೀಮಿನಲ್ಲಿ ಆಡದ ಒಬ್ಬರನ್ನ ಕರೆದುಕೊಂಡು ಬಾ. ಅವರು ಚೆಂಡನ್ನ ನೋಡಬಾರದು. ಹತ್ತು ನಿಮಿಷ ಒಬ್ಬನೇ ಹುಡುಗನ ಮೇಲೆ ಕಣ್ಣಿಡಬೇಕು. ಚೆಂಡು ಇಲ್ಲದಾಗ ಅವನು ಎಲ್ಲಿ ನಿಲ್ಲುತ್ತಾನೆ, ಪಾಸ್ ಬರುವ ಮುಂಚೆ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡುತ್ತಾನಾ, ಚೆಂಡು ಕಳೆದುಕೊಂಡ ಮೇಲೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನಾ ಇಲ್ಲ ಹಿಂದೆ ಓಡುತ್ತಾನಾ. ಒಂದು ಮ್ಯಾಚಿನಲ್ಲಿ ಒಬ್ಬನ ಕಾಲಲ್ಲಿ ಚೆಂಡು ಇರೋದು ಒಂದೆರಡು ನಿಮಿಷ ಅಷ್ಟೇ. ಉಳಿದ ಹೊತ್ತೆಲ್ಲಾ ಅವನು ಏನು ಮಾಡಿದ ಅನ್ನೋದೇ ಅವನ ಆಟ.

ಮೊದಲ ಟಚ್, ಅಂದ್ರೆ ಬಂದ ಚೆಂಡನ್ನ ಮೊದಲ ಸಲಕ್ಕೇ ಹೇಗೆ ಹಿಡಿತಕ್ಕೆ ತಗೊಳ್ತಾನೆ ಅನ್ನೋದನ್ನ ಅಂತೂ ನೋಡಲೇಬೇಕು. ನಮ್ಮ ಕಡೆ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿಯಾಗಿರುತ್ತದೆ, ಚೆಂಡು ಎಲ್ಲೆಂದರಲ್ಲಿ ಪುಟಿಯುತ್ತದೆ. ಟಿವಿಯಲ್ಲಿ ನೋಡಿದ ಡ್ರಿಬ್ಲಿಂಗ್ ಇಲ್ಲಿ ನಡೆಯುವುದು ಕಷ್ಟ. ಪುಟಿದು ಬಂದ ಚೆಂಡನ್ನ ಎದೆ ಮೇಲೋ ತೊಡೆ ಮೇಲೋ ತಗೊಂಡು, ಸುಮ್ನೆ ಹತ್ತಿರದವನಿಗೆ ಕೊಡುವ ಹುಡುಗ ಇದ್ದರೆ ಅವನನ್ನ ಬಿಡಬೇಡ. ಅವನು ಕಣ್ಣಿಗೆ ಬೀಳುವುದಿಲ್ಲ, ಆದರೆ ಅವನಿಲ್ಲದ ದಿನ ಟೀಮು ಆಡಲಾರದು.

ಬಿಸಿಲಿನ ಲೆಕ್ಕನೂ ಇಡು. ಮೇ ತಿಂಗಳಲ್ಲಿ ಇಲ್ಲಿ 42-43 ಡಿಗ್ರಿ ಸಾಮಾನ್ಯ, ಸಂಜೆ 5ಕ್ಕೂ ನೆಲ ಕಾದಿರುತ್ತದೆ. ಬೆಳಿಗ್ಗೆ ತಂಪಿನಲ್ಲಿ ಮಾತ್ರ ಟ್ರಯಲ್ಸ್ ಮಾಡಿದರೆ ಏನೂ ತಿಳಿಯುವುದಿಲ್ಲ. ಮ್ಯಾಚ್ ಇರುವ ಹೊತ್ತಿಗೇ ಆಡಿಸು, ನೀರು ಜಾಸ್ತಿ ಇಟ್ಟುಕೋ, ಕೊನೆ ಹದಿನೈದು ನಿಮಿಷ ಯಾರು ಇನ್ನೂ ಹಿಂದೆ ಮುಂದೆ ಓಡುತ್ತಿದ್ದಾರೆ ಅಂತ ನೋಡು.

ಬೀದರ್‌ನಿಂದ:
ಆ ಹಿರಿಯ ಅಣ್ಣನ ಬಗ್ಗೆ ಹೇಳ್ತೀನಿ. ನಾನು ಬೆಂಗಳೂರು ಎಫ್‌ಸಿ ಅಭಿಮಾನಿ, 2013ರಲ್ಲಿ ಕ್ಲಬ್ ಶುರುವಾದಾಗಿನಿಂದ. ಬೀದರ್‌ನಿಂದ ಬೆಂಗಳೂರಿನ ಕಂಠೀರವ ಸ್ಟೇಡಿಯಂ ಬಹಳ ದೂರ, ಹೆಚ್ಚಿನ ಮ್ಯಾಚ್ ಟಿವಿಯಲ್ಲೇ ನೋಡಿದ್ದು. ನಮ್ಮ ಕ್ಲಬ್ಬಿನ ಸ್ಟ್ರೈಕರ್ ಸುನಿಲ್ ಛೆತ್ರಿಗೆ ವಯಸ್ಸಾಯಿತು, ಬಿಡಬೇಕು ಅಂತ ಎಷ್ಟು ವರ್ಷದಿಂದ ಜನ ಹೇಳುತ್ತಿದ್ದರು ಅಲ್ವಾ? 2024-25ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್, ದೇಶದ ಕ್ಲಬ್‌ಗಳ ಲೀಗ್) 40ರ ವಯಸ್ಸಿನಲ್ಲಿ 14 ಗೋಲು ಹೊಡೆದರು. ಆ ಸೀಸನ್‌ನಲ್ಲಿ ಭಾರತೀಯರ ಪೈಕಿ ಅಷ್ಟು ಗೋಲು ಬೇರೆ ಯಾರೂ ಹೊಡೆಯಲಿಲ್ಲ. ಗೋವಾ ಎದುರಿನ ಸೆಮಿಫೈನಲ್‌ನ ಎರಡನೇ ಲೆಗ್ (ಎರಡು ಮ್ಯಾಚ್‌ಗಳಲ್ಲಿ ಎರಡನೆಯದು) ಕೊನೆ ಗಳಿಗೆಯಲ್ಲಿ ಅವರು ತಲೆಯಿಂದ ಹೊಡೆದ ಗೋಲೇ ಟೀಮನ್ನ ಫೈನಲ್‌ಗೆ ಒಯ್ದಿತು.

ಓಟ ಹೋದರೂ ಅವರಲ್ಲಿ ಏನು ಉಳಿದಿದೆ ಅಂತ ನೋಡಿ. ಎತ್ತರ ಇಲ್ಲ, ಆದರೂ ಹೆಡರ್ ಹೊಡೆಯುತ್ತಾರೆ, ಯಾಕಂದ್ರೆ ಚೆಂಡು ಎಲ್ಲಿ ಬೀಳುತ್ತದೆ ಅಂತ ಬ್ಯಾಕ್‌ಗಿಂತ ಮೊದಲೇ ಅವರಿಗೆ ಗೊತ್ತಾಗುತ್ತದೆ. ಪೆನಾಲ್ಟಿಗೆ ನಿಂತಾಗ ಕೈಕಾಲು ನಡುಗುವುದಿಲ್ಲ. ನಿಮ್ಮ ಅಣ್ಣನಲ್ಲೂ ಇದು ಇದೆಯಾ ನೋಡಿ. ಇದ್ದರೆ ಖಂಡಿತ ಇಟ್ಟುಕೊಳ್ಳಿ, ಕೊನೆ ಇಪ್ಪತ್ತು ನಿಮಿಷಕ್ಕೆ ಇಳಿಸಿ. ಎದುರಾಳಿ ಬ್ಯಾಕ್‌ಗಳು ದಣಿದಾಗ ಅನುಭವ ಇರುವ ಕಾಲು ಬಹಳ ಕೆಲಸ ಮಾಡುತ್ತದೆ. ಆದರೆ ಹಿಂದೆ ಹೊಡೆದ ಗೋಲಿಗೆ ಋಣ ತೀರಿಸಲು ಅಂತ ಇಟ್ಟುಕೊಳ್ಳಬೇಡಿ. ಆ ಋಣವನ್ನ ಹಾರ ಹಾಕಿ ತೀರಿಸಬಹುದು, ಜೆರ್ಸಿ ಕೊಟ್ಟು ಅಲ್ಲ.

ಕೇಳಿದವರು, ಕಲಬುರಗಿ:
ಭಾಯ್, ಅವರು ಬೆಂಚ್ ಮೇಲೆ ಕೂರಲು ಒಪ್ಪದಿದ್ದರೆ? ಅವರ ಜೊತೆಯವರು ನಾಲ್ಕೈದು ಜನ ಇದ್ದಾರೆ, ಅವರೂ ಮುನಿಸಿಕೊಳ್ಳುತ್ತಾರೆ.

ಬೀದರ್‌ನಿಂದ:
ಇದಕ್ಕೂ ಛೆತ್ರಿಯೇ ಉತ್ತರ. 2022-23ರಲ್ಲಿ ಬೆಂಗಳೂರು ಕೋಚ್ ಸೈಮನ್ ಗ್ರೇಸನ್ ಏನು ಮಾಡಿದರು ನೆನಪಿದೆಯಾ? ವಿದೇಶಿ ಸ್ಟ್ರೈಕರ್ ರಾಯ್ ಕೃಷ್ಣ ಜೊತೆಗೆ ಶಿವಶಕ್ತಿ ನಾರಾಯಣನ್ ಅನ್ನುವ ಚಿಕ್ಕ ಹುಡುಗನನ್ನ ಮೊದಲಿನಿಂದ ಆಡಿಸಿದರು. ಭಾರತದ ಕ್ಯಾಪ್ಟನ್ ಆಗಿದ್ದ ಛೆತ್ರಿ ಹಲವು ಮ್ಯಾಚ್‌ಗಳಲ್ಲಿ ಬೆಂಚ್ ಮೇಲೆ ಕುಳಿತರು. ಹುಡುಗ ಆ ಸೀಸನ್‌ನಲ್ಲಿ 6 ಗೋಲು ಹೊಡೆದ. ಅದೇ ವರ್ಷ ಪ್ಲೇಆಫ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಮಾಡಿದ್ದು ಯಾರು? ಛೆತ್ರಿ. ಟೀಮು ಫೈನಲ್ ಮುಟ್ಟಿತು, ಪೆನಾಲ್ಟಿಯಲ್ಲಿ ಸೋತಿತು, ಅದು ಬೇರೆ ಮಾತು. ಆ ಅಣ್ಣನನ್ನ ಚಹಾಕ್ಕೆ ಕರೆದು ಇದನ್ನೇ ಹೇಳಿ. ಛೆತ್ರಿ ಕೂತ ಬೆಂಚ್ ಮೇಲೆ ನಮ್ಮೂರ ಅಣ್ಣನೂ ಕೂರಬಹುದು. ಪಟ್ಟಿ ಹೊರಗೆ ಬರುವ ಮುಂಚೆ ಹೇಳಬೇಕು, ಆಮೇಲೆ ಹೇಳಿದರೆ ಅವಮಾನ ಆಗುತ್ತದೆ.

ಕಲಬುರಗಿ, ಸೂಪರ್ ಮಾರ್ಕೆಟ್ ಕಡೆಯಿಂದ:
ಬೀದರ್ ಅಣ್ಣನ ಮಾತು ನಾನು ಅರ್ಧ ಒಪ್ತೀನಿ. ಕ್ಲಬ್‌ಗೆ ಅದು ಸರಿ ಹೋಯಿತು. ದೇಶದ ಟೀಮಿಗೆ ಏನಾಯಿತು? ಜೂನ್ 2024ರಲ್ಲಿ ಕುವೈತ್ ಎದುರು ಆಡಿ ಛೆತ್ರಿ ನಿವೃತ್ತರಾದರು. ಮುಂದೆ ಗೋಲು ಹೊಡೆಯುವವರೇ ಸಿಗಲಿಲ್ಲ, ಮಾರ್ಚ್ 2025ರಲ್ಲಿ ಮತ್ತೆ ಕರೆದರು. ಮಾಲ್ಡೀವ್ಸ್ ಎದುರು ಬಂದ ಕೂಡಲೇ ಗೋಲು ಹೊಡೆದರು, ಅದು ಅವರ 95ನೇ ಅಂತರರಾಷ್ಟ್ರೀಯ ಗೋಲು. ಅವರ ಮೇಲೆ ನನಗೂ ಅಷ್ಟೇ ಪ್ರೀತಿ. ಆದರೆ ಏಷ್ಯನ್ ಕಪ್ ಅರ್ಹತಾ ಪಂದ್ಯಗಳಲ್ಲಿ ಬಾಂಗ್ಲಾದೇಶದ ಜೊತೆ 0-0, ಹಾಂಗ್‌ಕಾಂಗ್ ಎದುರು 0-1, ಗೋವಾದಲ್ಲಿ ಸಿಂಗಾಪುರದ ಎದುರು 1-2. 2027ರ ಏಷ್ಯನ್ ಕಪ್ ಕೈ ತಪ್ಪಿಹೋಯಿತು. ನನಗೆ ಇವತ್ತಿಗೂ ಅದರ ನೋವು ಹೋಗಿಲ್ಲ.

ತಪ್ಪು ಛೆತ್ರಿಯದ್ದಲ್ಲ. ಅವರ ಹಿಂದೆ ಯಾರನ್ನೂ ತಯಾರು ಮಾಡಲಿಲ್ಲ, ಅದು ತಪ್ಪು. ಐಎಸ್‌ಎಲ್‌ನಲ್ಲಿ 2021-22ರಿಂದ ಮೈದಾನದಲ್ಲಿ ನಾಲ್ಕೇ ವಿದೇಶಿ ಆಟಗಾರರು ಇರಬೇಕು ಅಂತ ಮಾಡಿದರು, ಸರಿ. ಆದರೆ ಆ ನಾಲ್ವರಲ್ಲಿ ಒಬ್ಬ ಹೆಚ್ಚಾಗಿ ಸ್ಟ್ರೈಕರ್. 2024-25ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಕ್ಲಬ್ಬಿನ ಅಲಾದ್ದೀನ್ ಅಜಾರೈ 23 ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದ, ಅವನು ಮೊರೊಕ್ಕೊದವನು. ನಮ್ಮ ಹುಡುಗರನ್ನ ವಿಂಗ್‌ಗೆ ತಳ್ಳುತ್ತಾರೆ, ಗೋಲಿನ ಎದುರು ನಿಂತು ಆಡುವ ನಿಮಿಷಗಳೇ ಅವರಿಗೆ ಸಿಗುವುದಿಲ್ಲ. ನಿಮಿಷ ಸಿಗದೆ ಸ್ಟ್ರೈಕರ್ ಎಲ್ಲಿಂದ ಬರಬೇಕು?

ಅದಕ್ಕೆ ನಿನಗೆ ಹೇಳೋದು ಇಷ್ಟೇ. ಅಣ್ಣನನ್ನ ಇಟ್ಟುಕೋ, ಆದರೆ ಗುಂಪಿನ ಮ್ಯಾಚ್‌ಗಳಲ್ಲಿ ಹದಿನೆಂಟು ಹತ್ತೊಂಬತ್ತರ ಹುಡುಗ ಒಬ್ಬನನ್ನ ಮೊದಲ ನಿಮಿಷದಿಂದ ಅದೇ ಜಾಗದಲ್ಲಿ ಆಡಿಸು. ಗೋಲು ತಪ್ಪಿಸಿದ ಅಂತ ಹಾಫ್ ಟೈಮ್‌ಗೆ ಎಳೆದುಕೊಳ್ಳಬೇಡ. ತಪ್ಪಿಸಿದ ಗೋಲನ್ನೂ ಲೆಕ್ಕಕ್ಕೆ ತಗೋ. ಮೂರು ತಪ್ಪಿಸಿದ ಅಂದ್ರೆ ಮೂರು ಸಲ ಸರಿಯಾದ ಜಾಗಕ್ಕೆ ಬಂದಿದ್ದ ಅಂತ ಅರ್ಥ. ಹೊಡೆತವನ್ನ ಅಭ್ಯಾಸದಿಂದ ತಿದ್ದಬಹುದು. ಆ ಜಾಗಕ್ಕೆ ಬರುವುದನ್ನ ಕಲಿಸುವುದು ಬಹಳ ಕಷ್ಟ.

ಯಾದಗಿರಿಯಿಂದ:
ಕೀಪರ್ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ. ನಾನು ಕೀಪರ್ ಆಡಿದವನು, ಹೇಳಲೇಬೇಕು. ಓಡಲಾರದವನನ್ನ ಗೋಲ್‌ನಲ್ಲಿ ನಿಲ್ಲಿಸುವುದು ನಮ್ಮ ಕಡೆಯ ದೊಡ್ಡ ರೋಗ. ಊರಿನ ಟೂರ್ನಮೆಂಟ್‌ನಲ್ಲಿ ನಾಕೌಟ್ ಮ್ಯಾಚ್ ಎಷ್ಟೋ ಸಲ ಪೆನಾಲ್ಟಿಗೆ ಹೋಗುತ್ತದೆ. 2022ರ ಐಎಸ್‌ಎಲ್ ಫೈನಲ್ ನೋಡಿದ್ದೀರಾ? ಹೈದರಾಬಾದ್ ಮತ್ತು ಕೇರಳ 1-1. ಪೆನಾಲ್ಟಿ ಶೂಟೌಟ್‌ನಲ್ಲಿ ಹೈದರಾಬಾದ್ ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಮೂರು ಪೆನಾಲ್ಟಿ ತಡೆದರು, ಹೈದರಾಬಾದ್ 3-1ರಿಂದ ಕಪ್ ಗೆದ್ದಿತು. ಆ ಸೀಸನ್‌ನಲ್ಲಿ 18 ಗೋಲು ಹೊಡೆದ ಒಗ್ಬೆಚೆ ಆ ಟೀಮಿನಲ್ಲೇ ಇದ್ದರು, ಆದರೆ ಕಪ್ ತಂದುಕೊಟ್ಟದ್ದು ಕೀಪರ್ ಕೈಗಳು. ಯಾದಗಿರಿಯಿಂದ ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಅವತ್ತು ನಮ್ಮ ಓಣಿಯಲ್ಲಿ ಪಟಾಕಿ ಹೊಡೆದಿದ್ದೆವು.

ಕೀಪರ್ ಆರಿಸುವಾಗ ಹಾರಿ ಹಿಡಿಯುವುದನ್ನ ಮಾತ್ರ ನೋಡಬೇಡಿ. ಕಾರ್ನರ್ ಬಂದಾಗ ಗೆರೆ ಬಿಟ್ಟು ಮುಂದೆ ಬರುತ್ತಾನಾ? ಬ್ಯಾಕ್‌ಗಳಿಗೆ ಕೂಗಿ ಹೇಳುತ್ತಾನಾ? ಬಾಯಿ ಮುಚ್ಚಿಕೊಂಡು ನಿಲ್ಲುವ ಕೀಪರ್ ಎಷ್ಟೇ ಚೆನ್ನಾಗಿ ಹಾರಿದರೂ ನನಗೆ ಬೇಡ.

ಶಹಾಬಾದ್‌ನಿಂದ:
ಎಲ್ಲರೂ ಸ್ಟ್ರೈಕರ್ ಆಗಬೇಕು ಅಂದಿದ್ದಕ್ಕೆ ನನ್ನದೊಂದು ಮಾತು. 1956ಕ್ಕೆ ಮುಂಚೆ ನಮ್ಮ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಸಾಹೇಬರನ್ನ ನಾನು ನಮ್ಮವರು ಅಂತಲೇ ತಿಳಿದುಕೊಂಡಿದ್ದೇನೆ. ಶಿಕ್ಷಕರಾಗಿದ್ದವರು. ಹೈದರಾಬಾದ್ ಸಿಟಿ ಪೊಲೀಸ್ ಟೀಮು ಕಟ್ಟಿದರು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನ ನಾಲ್ಕನೇ ಸ್ಥಾನಕ್ಕೆ ಒಯ್ದರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅವರು ಮಾಡಿದ್ದನ್ನ ಆಯ್ಕೆ ಮಾಡುವ ಪ್ರತಿಯೊಬ್ಬರೂ ತಿಳಿದುಕೊಳ್ಳಬೇಕು. ಮೊದಲ ಮ್ಯಾಚಿನಲ್ಲೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಆಮೇಲೆ ಒಳ್ಳೆ ಡಿಫೆಂಡರ್ ಜರ್ನೈಲ್ ಸಿಂಗ್‌ಗೆ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ರಹೀಂ ಸಾಹೇಬರು ಅವರನ್ನ ಕೈಬಿಡಲಿಲ್ಲ. ಸೆಮಿಫೈನಲ್‌ನಲ್ಲಿ ಮುಂದೆ ಸೆಂಟರ್ ಫಾರ್ವರ್ಡ್ ಆಡಿಸಿದರು! ಜರ್ನೈಲ್ ಆ ಮ್ಯಾಚಿನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಫೈನಲ್‌ನಲ್ಲಿ ಎದುರಾಳಿ ಅದೇ ಕೊರಿಯಾ, ನಾವು 2-1ರಿಂದ ಚಿನ್ನ ಗೆದ್ದೆವು.

ಆ ಕೋಚ್ ಆಟಗಾರನ ಜಾಗ ನೋಡಲಿಲ್ಲ, ಅವನ ಗುಣ ನೋಡಿದರು. ಎತ್ತರ, ಧೈರ್ಯ, ತಲೆಯಿಂದ ಹೊಡೆಯುವ ಬಲ. ಇವು ಹಿಂದೆಯೂ ಬೇಕು, ಮುಂದೆಯೂ ಬೇಕು. ನಿಮ್ಮ ಸ್ಟ್ರೈಕರ್‌ಗಳ ಗುಂಪಿನಲ್ಲಿ ಎತ್ತರ ಇರುವವನನ್ನ ಒಂದು ಸಲ ಸ್ಟಾಪರ್ (ಗೋಲಿನ ಮುಂದೆ ನಡುವೆ ನಿಲ್ಲುವ ಬ್ಯಾಕ್) ಆಡಿಸಿ ನೋಡಿ. ಎಡಗಾಲಿನಲ್ಲಿ ಹೊಡೆಯುವವನಿದ್ದರೆ ಎಡ ಬ್ಯಾಕ್‌ಗೆ ಹಾಕಿ, ಎಡಗಾಲಿನವರು ಸಿಗೋದೇ ಕಡಿಮೆ. ಬ್ಯಾಕ್ ಆಡಿದವನಿಗೆ ಹೆಸರು ಬರುವುದಿಲ್ಲ ಅಂತ ಹುಡುಗರು ಹಿಂದೆ ಸರಿದರೆ ಬೆಂಗಳೂರು ಎಫ್‌ಸಿಗೆ ಆಡಿದ ಡಿಫೆಂಡರ್ ರಾಹುಲ್ ಭೇಕೆ ಹೆಸರು ಹೇಳಿ. 2019ರ ಐಎಸ್‌ಎಲ್ ಫೈನಲ್, ಎಕ್ಸ್‌ಟ್ರಾ ಟೈಮ್, 117ನೇ ನಿಮಿಷ, ಕಾರ್ನರ್. ಬೆಂಗಳೂರಿಗೆ ಕಪ್ ತಂದ ಒಂದೇ ಗೋಲು ಡಿಫೆಂಡರ್ ತಲೆಯಿಂದ ಬಂತು.

ವಾಡಿಯಿಂದ, ಶಾಲೆಯಲ್ಲಿ ಆಟ ಕಲಿಸುವವರು:
ಎಲ್ಲಾ ಚೆನ್ನಾಗಿ ಹೇಳಿದ್ದಾರೆ. ಆದರೆ ಆಯ್ಕೆ ಕೆಡುವುದು ಮೈದಾನದ ಹೊರಗೆ. ಟೂರ್ನಮೆಂಟ್ ಬೇಸಿಗೆಯಲ್ಲಿ ಅಂತೀರಿ, ಅದೇ ಮದುವೆ ಸೀಸನ್. ಸೆಮಿಫೈನಲ್ ದಿನ ಅಕ್ಕನ ಮದುವೆ ಇದೆ ಅಂತ ಸ್ಟಾಪರ್ ಸೇಡಂಗೆ ಹೋದರೆ ಏನು ಮಾಡ್ತೀರಿ? ಎಲ್ಲಾ 30 ಜನರಿಗೂ ಈಗಲೇ ತಾರೀಕು ಕೇಳಿ, ಮದುವೆ, ಪರೀಕ್ಷೆ, ಕೆಲಸದ ಪಾಳಿ ಎಲ್ಲಾ ಬರೆದುಕೊಳ್ಳಿ. ಇಬ್ಬರು ಹೆಚ್ಚುಕಡಿಮೆ ಸಮ ಇದ್ದರೆ ಪ್ರಾಕ್ಟೀಸ್‌ಗೆ ತಪ್ಪದೆ ಬರುವವನನ್ನ ತಗೊಳ್ಳಿ, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಬಿಟ್ಟ 12 ಜನರಿಗೆ ವಾಟ್ಸಾಪ್ ಗ್ರೂಪಿನಲ್ಲಿ ಪಟ್ಟಿ ಹಾಕಿ ತಿಳಿಸಬೇಡಿ. ಒಬ್ಬೊಬ್ಬರನ್ನೇ ಕರೆದು, ನಿನ್ನ ಜಾಗಕ್ಕೆ ಇಂಥವನನ್ನ ತಗೊಂಡಿದ್ದೇವೆ, ಕಾರಣ ಇದು, ನೀನು ಇದನ್ನ ಸರಿ ಮಾಡಿಕೋ ಅಂತ ಹೇಳಿ. ನಮ್ಮ ಹುಡುಗರು ಬೇಜಾರಾದರೂ ಹಾಗೆ ಹೇಳಿದ ಮೇಲೆ ಮತ್ತೆ ಮೈದಾನಕ್ಕೆ ಬರುತ್ತಾರೆ, ಗ್ರೂಪಿನಲ್ಲಿ ಓದಿಕೊಂಡವರು ಬರುವುದಿಲ್ಲ. ಅವರಲ್ಲೇ ಮೂವರನ್ನ ಸ್ಟ್ಯಾಂಡ್‌ಬೈ ಇಟ್ಟು, ದಿನಾ ಪ್ರಾಕ್ಟೀಸ್‌ಗೆ ಕರೆಯಿರಿ. ಇನ್ನೊಂದು, ಪಟ್ಟಿ ಕೊಟ್ಟ ಮೇಲೆ ಹೆಸರು ಬದಲಿಸಲು ಬಿಡುತ್ತಾರಾ, ಒಂದು ಮ್ಯಾಚಿಗೆ ಎಷ್ಟು ಜನರನ್ನ ಬದಲಿಸಬಹುದು ಅಂತ ಟೂರ್ನಮೆಂಟ್ ನಡೆಸುವವರಿಂದ ಬರೆಸಿಕೊಳ್ಳಿ. ಮೂವರನ್ನೇ ಬದಲಿಸಬೇಕು ಅಂದರೆ ಎರಡು ಮೂರು ಜಾಗದಲ್ಲಿ ಆಡಬಲ್ಲ ಹುಡುಗರಿಗೆ ಬೆಂಚ್‌ನಲ್ಲಿ ಮೊದಲ ಜಾಗ ಕೊಡಬೇಕಾಗುತ್ತದೆ. ಐವರನ್ನ ಬದಲಿಸಬಹುದು ಅಂದರೆ ಆ ಅಣ್ಣನಿಗೆ ಕೊನೆ ಇಪ್ಪತ್ತು ನಿಮಿಷ ಕೊಡುವುದು ಸುಲಭ. ಅದನ್ನ ತಿಳಿದುಕೊಂಡೇ ಪಟ್ಟಿ ಬರೆಯಿರಿ.